ಜೋಯಿಡಾ ಲೈನಿನಲ್ಲಿ ಪರಶುರಾಮನ ಜೊತೆ ಒಂದು ಮಳೆಗಾಲ

ಹೋದ ಮಳೆಗಾಲದಲ್ಲಿ ಮಗಳ ಮನೆಗೆಂದು ಹಳಿಯಾಳದಲ್ಲಿ ಜೋಯಿಡಾ ಬಸ್ಸು ಹತ್ತಿದ್ದೆ. ನಿವೃತ್ತನಾದ ಮೇಲೆ ಆ ದಾರಿಯಲ್ಲಿ ನಾನು ಹೋಗಿದ್ದು ಕಡಿಮೆ. ದಾಂಡೇಲಿಯಲ್ಲಿ ಕಳಲೆ ಮಾರಿ ಊರಿಗೆ ಮರಳುತ್ತಿದ್ದ ಹೆಂಗಸರು ಹತ್ತಿ, ಖಾಲಿ ಗೋಣಿಚೀಲಗಳನ್ನು ನನ್ನ ಕಾಲ ಬುಡದಲ್ಲೇ ಒತ್ತಿಟ್ಟರು. ಎಳೆ ಬಿದಿರಿನ ಹುಳಿ ವಾಸನೆಗೆ ಒದ್ದೆ ಗೋಣಿಯ ವಾಸನೆ ಕೂಡಿ, ಮೇಲೆ ಡೀಸೆಲ್ಲಿನ ಘಾಟು ಬೇರೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಬಲಗಾಲು ತಾನಾಗಿಯೇ ಮುಂದಕ್ಕೆ ಚಾಚಿ ಬ್ರೇಕು ಹುಡುಕಿತು. ಪಕ್ಕದಲ್ಲಿ ಕೂತಿದ್ದ ಹುಡುಗಿ ವಿಚಿತ್ರವಾಗಿ ನನ್ನ ಕಾಲನ್ನೇ ನೋಡಿದಳು. ನಾನು ಕಾಲು ಹಿಂದಕ್ಕೆಳೆದುಕೊಂಡು ಕಿಟಕಿಯ ಕಡೆ ತಿರುಗಿದೆ. ಅಲ್ಲಿಂದ ಜೋಯಿಡಾ ಮುಟ್ಟುವವರೆಗೂ ತಲೆಯಲ್ಲಿ ಪರಶುರಾಮನೇ ಇದ್ದ.

ಅದು ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಸರ್ಕಾರಿ ಬಸ್ಸಿನ ಡ್ರೈವರ್. ಧಾರವಾಡದ ಕಡೆಯವನಾದರೂ ಡ್ಯೂಟಿ ಈ ಕಾಡಿನ ಲೈನುಗಳಲ್ಲೇ ಬೀಳುತ್ತಿದ್ದುದರಿಂದ ದಾಂಡೇಲಿಯಲ್ಲಿ, ಕಾಗದದ ಕಾರ್ಖಾನೆಯ ಕೆಲಸಗಾರರ ನಡುವೆ, ಬಾಡಿಗೆ ಮನೆ ಹಿಡಿದಿದ್ದೆ. ಆ ವರ್ಷ ಮಳೆ ಹಿಡಿದ ಹೊತ್ತಿಗೆ ನನಗೆ ಹಳಿಯಾಳದಿಂದ ದಾಂಡೇಲಿ ಮೇಲೆ ಜೋಯಿಡಾಕ್ಕೆ ಹೋಗುವ ಗಾಡಿ ಬಂತು. ಡಿಪೋದಲ್ಲಿ ಡ್ಯೂಟಿ ಹಂಚುವ ಗುಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದರು.

"ಈರಪ್ಪಾ, ನಿನ್ನ ಗಾಡಿಗೆ ಪರಶುರಾಮನ್ನ ಕಂಡಕ್ಟರ್ ಹಾಕೀನಿ. ಇಲ್ಲ ಅನಬ್ಯಾಡ."

"ಇಲ್ಲ ಯಾಕ ಅನ್ಲಿರೀ?"

"ಉಳದಾವ್ರೆಲ್ಲಾ ಅಂದಾರ. ಮಾರಿ ಒಂಥರಾ ಮಾಡ್ತಾನ, ನಡಬರಕ ಏನರ ಒದರತಾನ, ಅವನ ಜೋಡಿ ಗಾಡಿ ಹೊಡ್ಯಾಕಾಗಂಗಿಲ್ಲ ಅಂತಾರ. ಹುಡುಗ ಛಲೋ ಅದಾನ. ಒಂದೀಟ ಸಂಭಾಳಿಸಿ ನೋಡು."

ಪರಶುರಾಮನನ್ನು ದೂರದಿಂದ ನೋಡಿ ಗೊತ್ತಿತ್ತು. ಮುಂಡಗೋಡದ ಅತ್ತಿವೇರಿ ಹತ್ತಿರದ ಒಂದು ಸಣ್ಣ ಹಳ್ಳಿಯವನು. ಸಪೂರ ಮೈ, ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿ. ನೌಕರಿ ಸಿಗುವ ಮೊದಲು ಅಲ್ಲಿಯ ಟಿಬೆಟನ್ ಕಾಲೊನಿಯ ಗೋವಿನಜೋಳದ ಹೊಲಗಳಲ್ಲಿ ಕೂಲಿ ಮಾಡಿದವನು. ಡಿಪೋದಲ್ಲಿ ಎಲ್ಲರೂ ಗುಂಪಾಗಿ ನಿಂತು ಚಹಾ ಕುಡಿಯುವಾಗ ಅವನು ಮಾತ್ರ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಸೊಕ್ಕಿನವನು ಎಂದುಕೊಂಡವರೂ ಇದ್ದರು.

ಮೊದಲ ದಿನ ದಾಂಡೇಲಿ ದಾಟಿ ಕಾಡು ಸೇರಿದೆವು. ಮಳೆ ಎಂದರೆ ಮುಂದಿನ ಗಾಜಿನಲ್ಲಿ ರಸ್ತೆಯೇ ಕಾಣದಂಥ ಮಳೆ. ಒಂದು ತಿರುವಿನಲ್ಲಿ ಹಿಂದಿನಿಂದ "ಹೋಲ್!" ಎಂದು ಕೂಗು ಬಂತು. ನಮ್ಮ ಕಡೆ ಬಸ್ಸು ನಿಲ್ಲಿಸಲು ಕಂಡಕ್ಟರುಗಳು ಕೂಗುವುದು 'ಹೋಲ್ಡಾನ್' ಎಂದು. ಯಾರೋ ಇಳಿಯಬೇಕೆಂದುಕೊಂಡು ಬ್ರೇಕು ಒತ್ತಿದೆ. ಛತ್ರಿ, ಚೀಲ, ಮಂದಿ ಎಲ್ಲಾ ಒಮ್ಮೆಲೇ ಮುಂದಕ್ಕೆ ಬಂದರು. ತಿರುಗಿ ನೋಡಿದರೆ ಇಳಿಯುವವರು ಯಾರೂ ಇಲ್ಲ. ಪರಶುರಾಮ ತಲೆ ತಗ್ಗಿಸಿ, "ರೈಟ್ ರೀ ಅಣ್ಣಾ, ಹೋಗ್ರಿ," ಎಂದ. ಸ್ವಲ್ಪ ದೂರ ಹೋಗುವುದರೊಳಗೆ ಮತ್ತೆ "ಹೋಲ್!" ಮತ್ತೆ ಬ್ರೇಕು. ಮೂರನೆಯ ಸಲ ಮಂದಿ ಅವನನ್ನು ಬಿಟ್ಟು ನನ್ನನ್ನೇ ಬೈಯಲು ಶುರುಮಾಡಿದರು. ಜೋಯಿಡಾದ ಸಾವಿತ್ರಿಬಾಯಿ ಎಂಬ ಮುದುಕಿ, ದಿನಾ ಕಳಲೆ ಮಾರಲು ಬರುವವಳು, ತನ್ನ ಕೊಂಕಣಿ ಬೆರೆತ ಕನ್ನಡದಲ್ಲಿ, "ಅರೇ ದೇವಾ, ಡ್ರೈವರ್ ಬಾಬಾ, ನಿಮಗೆ ಗಾಡಿ ಹೊಡಿಲಿಕ್ಕೆ ಯಾರು ಕಲಿಸಿದ್ದು?" ಎಂದಳು.

ಜೋಯಿಡಾದಲ್ಲಿ ಮಂದಿ ಇಳಿದ ಮೇಲೆ ಅವನನ್ನು ಕರೆದು ಎದುರಿಗೆ ಕೂರಿಸಿಕೊಂಡೆ. ಹತ್ತಿರದಿಂದ ನೋಡಿದ್ದು ಆಗಲೇ. ಕುತ್ತಿಗೆ ಬಲಭುಜದ ಕಡೆ ಥಟ್ಟನೆ ಸೆಳೆಯುತ್ತಿತ್ತು. ಜೊತೆಗೆ ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿ ತೆರೆಯುತ್ತಿತ್ತು. ಹಿಂದೆಯೇ ಆ ಸದ್ದು.

"ಇದೇನಪಾ?" ಎಂದೆ.

"ಅಣ್ಣಾ, ಇದು ನಾ ಮಾಡೂದಲ್ರೀ. ತಾನ ಬರ್ತೈತಿ. ಸೀನು ಬರೂ ಮುಂದ ಮೂಗಿನಾಗ ಹೆಂಗ ಆಗ್ತೈತಲ್ರೀ, ಹಂಗ ಗಂಟಲದಾಗ ಆಗ್ತೈತಿ. ತಡೀತೇನಿ, ತಡೀತೇನಿ, ಆಮ್ಯಾಲ ಎರಡರಷ್ಟ ಬರ್ತೈತಿ."

"ಯಾವಾಗಿಂದ?"

"ಸಾಲ್ಯಾಗ ಇದ್ದಾಗಿಂದ್ರೀ. ಮಾಸ್ತರು ಹೊಡದ್ರು, ಅವ್ವ ಸಿಕ್ಕ ದೇವರಿಗೆಲ್ಲಾ ಹರಕಿ ಹೊತ್ಲು. ಹೋಗ್ಲಿಲ್ಲ." ಆಮೇಲೆ, "ನೀವೂ ಬ್ಯಾರೆ ಕಂಡಕ್ಟರ್ ಕೇಳ್ತೀರೇನ್ರೀ?" ಎಂದ.

ನನ್ನ ಕಷ್ಟವೂ ಸಣ್ಣದೇನಲ್ಲ. ಅವನ ಸದ್ದಿಗೆಲ್ಲಾ ನಿಲ್ಲಿಸುತ್ತ ಹೋದರೆ ಆ ತಿರುವುಗಳಲ್ಲಿ ಹಿಂದಿನ ಲಾರಿ ಬಂದು ಗುದ್ದುತ್ತದೆ. ಕಿವಿಗೆ ಹಾಕಿಕೊಳ್ಳದಿದ್ದರೆ, ನಿಜವಾಗಿ ಯಾರೋ ಮೆಟ್ಟಿಲ ಮೇಲೆ ಕಾಲಿಟ್ಟಾಗ ಕೂಗಿದ ಕೂಗನ್ನೂ ಬಿಟ್ಟುಬಿಡಬಹುದು. ನಮ್ಮ ಗಾಡಿ ಹಳೆಯದು. ಛಾವಣಿಯ ಉದ್ದಕ್ಕೂ ಗಂಟೆಯ ಹಗ್ಗ ಹಾಯಿಸಲು ಬಳೆಗಳಿದ್ದವು, ಹಗ್ಗ ಯಾವಾಗಲೋ ಹೋಗಿತ್ತು. ಸಂಜೆ ಡಿಪೋದ ಮೆಕ್ಯಾನಿಕ್ಕನಿಗೆ ಗಂಟು ಬಿದ್ದು ಗಂಟೆಯ ತುಕ್ಕು ತೆಗೆಸಿ ಹೊಸ ಹಗ್ಗ ಕಟ್ಟಿಸಿದೆ. ಮರುದಿನ ಬೆಳಿಗ್ಗೆ ಪರಶುರಾಮನಿಗೆ ತೋರಿಸಿದೆ.

"ಒಂದ ಸಲ ಎಳದ್ರ ನಿಲ್ಲಸ್ತೇನಿ. ಎರಡ ಸಲ ಎಳದ್ರ ಬಿಡ್ತೇನಿ. ಬಾಯಿಂದ ಏನರ ಬರ್ಲಿ, ನಾ ಕೇಳಾವಲ್ಲ. ಗಂಟಿ ಅಷ್ಟ ಕೇಳ್ತೇನಿ. ತಿಳೀತಿಲ್ಲೋ?"

ಅವನು ಹಗ್ಗ ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತ. "ಎಲ್ಲಾರೂ ತಡಿ ಅಂತಾರ್ರೀ ಅಣ್ಣಾ. ಬರ್ಲಿ ಅಂದಾವ್ರು ನೀವ ಮೊದಲು," ಎಂದ.

ಮೊದಮೊದಲು ಸದ್ದು ಬಂದಾಗೆಲ್ಲಾ ನನ್ನ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು. ಬರಬರುತ್ತ ರೂಢಿಯಾಯಿತು. ಟಪಟಪ ಬೀಳುವ ಮಳೆ, ಎಂಜಿನ್ನಿನ ಗುಡುಗು, ಹಿಂದಿನಿಂದ ಆಗಾಗ ಒಂದು "ಹೋಲ್!" ಮೂರೂ ನನಗೆ ಒಂದೇ ಆದವು.

ಆ ಮಳೆಗಾಲದ ಕೆಲಸ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ದಾರಿಗೆ ಅಡ್ಡ ಬಿದ್ದ ಮರವನ್ನು ಪ್ರಯಾಣಿಕರೇ ಇಳಿದು ಕಡಿದು ಸರಿಸಬೇಕು. ಗಣೇಶಗುಡಿ ಇಳಿಜಾರಿನಲ್ಲಿ ಕೆಂಪು ನೀರು ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಎಂಜಿನ್ನಿನ ಬಾನೆಟ್ ಆಗ ಗಾಡಿಯ ಒಳಗೇ ಇರುತ್ತಿದ್ದುದರಿಂದ, ಹೆಂಗಸರು ಅದರ ಸುತ್ತ ಒಲೆಯ ಮುಂದೆ ಕೂತಂತೆ ಕೂತು ಸೀರೆಯ ಸೆರಗು ಒಣಗಿಸಿಕೊಳ್ಳುತ್ತಿದ್ದರು. ಆ ಒದ್ದೆ ಗದ್ದಲದ ನಡುವೆ ಪರಶುರಾಮ ನುಸುಳಿ ನುಸುಳಿ ಟಿಕೀಟು ಹರಿಯುತ್ತಿದ್ದ. ಕೈಗೆ ಕೆಲಸವಿದ್ದಾಗ ಅವನ ಸದ್ದು ಕಡಿಮೆ, ಯಾರಾದರೂ ಎವೆಯಿಕ್ಕದೆ ನೋಡುತ್ತ ಕೂತರೆ ಹೆಚ್ಚು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಮುಂದಿನ ಕನ್ನಡಿಯಲ್ಲಿ ನೋಡಿ ನೋಡಿ ತಿಳಿಯಿತು. ಜೋಯಿಡಾ ಮುಟ್ಟುವ ಹೊತ್ತಿಗೆ ಅವನು ದಾರಿಯುದ್ದಕ್ಕೂ ಅದುಮಿಟ್ಟಿದ್ದರಿಂದ ಬೆವರಿ ಹೋಗಿರುತ್ತಿದ್ದ. ಅಲ್ಲಿ ನಾನು ಗಾಡಿಯನ್ನು ನಿಲ್ದಾಣದ ಗದ್ದಲದಿಂದ ದೂರ, ಮಾವಿನ ಮರದ ಕೆಳಗೆ ನಿಲ್ಲಿಸಲು ಶುರುಮಾಡಿದೆ. ಅವನನ್ನು ಚಹಾಕ್ಕೆ ಕರೆಯದೆ ಒಬ್ಬನೇ ಹೋಗುತ್ತಿದ್ದೆ. ಅವನು ಕಿಟಕಿ ಮುಚ್ಚಿಕೊಂಡು ಖಾಲಿ ಗಾಡಿಯಲ್ಲಿ ಕೂತು, ತಡೆದಿಟ್ಟದ್ದನ್ನೆಲ್ಲಾ ಹೊರಗೆ ಬಿಟ್ಟು, ಹಗುರಾಗುತ್ತಿದ್ದ. ಅದರ ಬಗ್ಗೆ ನಾವು ಒಂದು ಮಾತೂ ಆಡಿಕೊಂಡಿರಲಿಲ್ಲ. ನಾನು ತಂದ ಚಹಾ ಅವನು ಕುಡಿಯುತ್ತಿದ್ದ, ಅಷ್ಟೆ.

ಎಲ್ಲಾ ಹೀಗೇ ನಡೆಯುತ್ತದೆ ಎಂದುಕೊಂಡಿದ್ದೆ. ಶ್ರಾವಣದಲ್ಲಿ ಜೋಯಿಡಾ ಆಸ್ಪತ್ರೆಗೆ ಹೊಸದಾಗಿ ಒಬ್ಬ ನರ್ಸ್ ಬಂದರು, ಮಂಗಲಾ ಎಂದು ಹೆಸರು. ದಾಂಡೇಲಿ ಪಕ್ಕದ ಕೋಗಿಲಬನದಲ್ಲಿ ಅಣ್ಣನ ಮನೆಯಲ್ಲಿದ್ದು, ದಾಂಡೇಲಿಗೆ ಬಂದು ನಮ್ಮ ಗಾಡಿ ಹತ್ತುತ್ತಿದ್ದರು. ಒಂದು ಬೆಳಿಗ್ಗೆ ಅವರ ಅಣ್ಣ ಇಬ್ಬರು ಗೆಳೆಯರೊಂದಿಗೆ ದಾಂಡೇಲಿ ನಿಲ್ದಾಣದಲ್ಲಿ ನಮ್ಮನ್ನೇ ಕಾಯುತ್ತ ನಿಂತಿದ್ದ. ಗಾಡಿ ನಿಂತದ್ದೇ ಪರಶುರಾಮನ ಕೊರಳಪಟ್ಟಿ ಹಿಡಿದು ಕೆಳಗೆ ಎಳೆದ.

"ದಿನಾ ನನ್ನ ತಂಗಿಗೆ ಕಣ್ಣ ಹೊಡೀತೀಯೇನಲೇ?"

ನಾನು ಹಾರಿ ಇಳಿದು ನಡುವೆ ಬಿದ್ದೆ. ಅಷ್ಟರಲ್ಲಿ ಅಂಗಿಯ ಗುಂಡಿ ಕಿತ್ತು ಹೋಗಿತ್ತು. ಪರಶುರಾಮ ಏನಾದರೂ ಹೇಳಲಿ ಎಂದರೆ ಗಾಬರಿಗೆ ಕುತ್ತಿಗೆ, ಕಣ್ಣು, ಗಂಟಲು ಎಲ್ಲಾ ಒಟ್ಟಿಗೆ ಶುರುವಾಗಿ ಬಾಯಿಂದ ಮಾತೇ ಹೊರಡಲಿಲ್ಲ. ಸುತ್ತ ನೆರೆದವರಿಗೆ ಅದು ಅಣಕಿಸಿದಂತೆ ಕಂಡಿತು. ನಿಲ್ದಾಣದ ಮಂದಿ ಬಂದು ಬಿಡಿಸಿದರು. ಮಾತು ಡಿಪೋ ಮ್ಯಾನೇಜರರ ಕೋಣೆಗೆ ಹೋಯಿತು.

ಮರುದಿನ ವಿಚಾರಣೆಗೆ ಹೋಗುವಾಗ ಪರಶುರಾಮ ನನಗೆ ಹೇಳಿದ, "ಅಣ್ಣಾ, ನನ್ನ ಸ್ಟೋರ್ ರೂಮಿಗೆ ಹಾಕ್ರಿ ಅಂತ ನಾನ ಕೇಳ್ತೇನ್ರೀ. ಒಳಗ ಕುಂತು ನಟ್ಟು ಬೋಲ್ಟು ಎಣಸ್ತೇನಿ. ಯಾರ ಕಣ್ಣಿಗೂ ಬೀಳೂದಿಲ್ಲ."

"ಗಾಡೀ ಮ್ಯಾಲ ಇರೂದು ನಿನಗ ಬ್ಯಾಡಾಗೇತೇನು?"

"ನನಗ ಗಾಡಿ ಅಂದ್ರ ಭಾಳ ಇಷ್ಟ ರೀ," ಎಂದ. ಕಣ್ಣಲ್ಲಿ ನೀರು ನಿಂತಿತ್ತು.

"ಹಂಗಾದ್ರ ಸ್ಟೋರ್ ರೂಮಿನ ಮಾತ ಆಡಬ್ಯಾಡ," ಎಂದೆ.

ಮ್ಯಾನೇಜರರ ಎದುರು ಒಂದು ಕಡೆ ಮಂಗಲಾ ಮತ್ತು ಅವರ ಅಣ್ಣ ಕೂತಿದ್ದರು, ಇನ್ನೊಂದು ಕಡೆ ನಾವಿಬ್ಬರು ನಿಂತಿದ್ದೆವು. ಮಂಗಲಾ ಅಳಲಿಲ್ಲ, ಕೂಗಲಿಲ್ಲ. ನೇರವಾಗಿ ಹೇಳಿದರು.

"ಸಾಹೇಬ್ರ, ಒಂದ ಸಲ ಆಗಿದ್ರ ನಾ ಬಿಡತಿದ್ದೆ. ದಿನಾ ಟಿಕೀಟ ಕೊಡೂ ಮುಂದ ನನ್ನ ನೋಡಿ ಕಣ್ಣ ಹೊಡೀತಾರ. ಗಂಟಲದಾಗ ಒಂಥರಾ ಸಪ್ಪಳ ಮಾಡ್ತಾರ."

"ಏನ ಹೇಳ್ತೀಯೋ ಪರಶುರಾಮ?" ಎಂದರು ಮ್ಯಾನೇಜರ್.

ಅವನು ತಲೆಯೆತ್ತಿದ. ಕುತ್ತಿಗೆ ಸೆಳೆಯಿತು, ಮ್ಯಾನೇಜರರನ್ನೇ ನೋಡುತ್ತ ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿತು, "ಹೋಲ್!" ಎಂದು ಸದ್ದು ಬಂತು. ಮತ್ತೆ ಮಂಗಲಾರ ಅಣ್ಣನ ಕಡೆ ತಿರುಗಿದಾಗಲೂ ಅದೇ, ಗೋಡೆಯ ಮೇಲಿನ ಗಡಿಯಾರದ ಕಡೆ ತಿರುಗಿದಾಗಲೂ ಅದೇ. ಕೋಣೆಯಲ್ಲಿ ಯಾರೂ ನಗಲಿಲ್ಲ. ಮಂಗಲಾ ಮಾತ್ರ ಅವನನ್ನು ಆಸ್ಪತ್ರೆಯವರ ಕಣ್ಣಿನಲ್ಲಿ, ಗಮನವಿಟ್ಟು ನೋಡತೊಡಗಿದರು.

"ಇದು ನಿಮಗ ಯಾವಾಗಿಂದ ಐತಿ?" ಎಂದು ಅವರೇ ಕೇಳಿದರು.

ಆಗ ಪರಶುರಾಮ ಹೇಳಿದ. ತಡವರಿಸುತ್ತ, ನಡುನಡುವೆ ನಿಲ್ಲಿಸುತ್ತ, ಸಾಲೆಯ ದಿನಗಳಿಂದ ಹಿಡಿದು ಎಲ್ಲವನ್ನೂ. ಹೊರಗಿನ ಮಂದಿಯ ಮುಂದೆ ಅವನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಂತೆ.

ಮಂಗಲಾ ಕೇಳಿ ಮುಗಿಸಿದರು. "ನಂಬತೇನಿ," ಎಂದರು. "ಆದ್ರ ನನಗ ಹೆಂಗ ಗೊತ್ತಾಗಬೇಕ್ರೀ? ದಿನಾ ಬಸ್ ಹತ್ತೂ ಮುಂದ ನನ್ನ ಎದಿ ಡವಡವ ಅಂತಿತ್ತು. ನಿಮಗ ತ್ರಾಸ ಐತಿ ಅಂದ ಕೂಡ್ಲೆ ನನ್ನ ತ್ರಾಸ ಸುಳ್ಳ ಆಗಂಗಿಲ್ಲ."

"ಇಲ್ರೀ ಅಕ್ಕಾರ," ಎಂದ ಪರಶುರಾಮ. "ನಿಮ್ಮ ಮಾತ ಖರೆ ಐತಿ. ಹೇಳಾಕ ನಾಚಿಕಿ ಬರ್ತಿತ್ರೀ. ಹೇಳಿದ್ರ ನೌಕರಿ ಹೋಗ್ತೈತಿ ಅಂತ ಅಂಜಿಕಿನೂ ಇತ್ತು."

ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೌಕರಿಯ ಮಾತು ಈಗ ಬೇಡ, ಆದರೆ ಗಾಡಿಯ ಮೇಲೆ ಕಳಿಸಲು ತನಗೂ ಒಂದು ಆಧಾರ ಬೇಕು, ಯಾರಾದರೂ ತಿಳಿದ ಡಾಕ್ಟರು ನೋಡಲಿ ಎಂದರು. ಯಾವ ಡಾಕ್ಟರು ಎಂಬುದು ನಮಗಾರಿಗೂ ಗೊತ್ತಿರಲಿಲ್ಲ. ಧಾರವಾಡದ ದೊಡ್ಡಾಸ್ಪತ್ರೆಯಲ್ಲಿ ಇಂಥವನ್ನು ನೋಡುವವರು ಇದ್ದಾರೆ, ತಾನು ಅಲ್ಲಿಯೇ ಕಲಿತದ್ದು ಎಂದು ದಾರಿ ಹೇಳಿದವರು ಮಂಗಲಾ. ಅವರ ಅಣ್ಣ ಮಾತ್ರ ಒಂದು ಮಾತೂ ಆಡದೆ ಎದ್ದು ಹೋದ. ಆಮೇಲೆಯೂ ಅವನು ನಮ್ಮೊಡನೆ ಮಾತಾಡಿದ್ದು ನನಗೆ ನೆನಪಿಲ್ಲ.

ನನ್ನ ವಾರದ ರಜೆಯ ದಿನ ಇಬ್ಬರೂ ಧಾರವಾಡಕ್ಕೆ ಹೋದೆವು. ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ಅವನನ್ನು ಮಾತಾಡಲು ಬಿಟ್ಟು ಸುಮ್ಮನೆ ಕೂತರು. ಸದ್ದು ಬಂದಾಗ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೊನೆಗೆ ಆ ತೊಂದರೆಗೆ ಟುರೆಟ್ ಎನ್ನುತ್ತಾರೆ ಎಂದರು. ಆ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಸರಿಯಾಗಿ ಹೊರಳುವುದಿಲ್ಲ.

"ಇದು ಹುಚ್ಚಲ್ಲ, ದೆವ್ವ ಅಲ್ಲ, ಯಾರಿಗೂ ಅಂಟಿಕೊಳ್ಳೂದಿಲ್ಲ," ಎಂದರು. "ಮಿದುಳು ಹಂಗ ಐತಿ, ಅಷ್ಟ. ಭಾಳ ತ್ರಾಸ ಆದ್ರ ಗುಳಿಗಿ ಕೊಡ್ತೇನಿ. ಛಲೋ ನಿದ್ದಿ ಬೇಕು. ಮತ್ತ ಜೋಡಿ ಇರಾವ್ರಿಗೆ ಹೇಳಿಬಿಡು. ಮುಚ್ಚಿಟ್ಟಷ್ಟೂ ಅದು ಹೆಚ್ಚಾಗ್ತೈತಿ." ಆಮೇಲೆ ನನ್ನ ಕಡೆ ತಿರುಗಿ, "ನೀವು ಏನ ಮಾಡ್ತೀರಿ?" ಎಂದು ಕೇಳಿದರು. ಗಂಟೆಯ ಹಗ್ಗದ ವಿಷಯ ಹೇಳಿದೆ. ಅವರಿಗೆ ಅದು ಬಹಳ ಹಿಡಿಸಿತು, ಹಗ್ಗ ಎಲ್ಲಿಂದ ಎಲ್ಲಿಗೆ ಕಟ್ಟಿದ್ದು ಎಂದು ಎರಡೆರಡು ಸಲ ಕೇಳಿಕೊಂಡರು.

ಮರಳುವಾಗ ಹಳಿಯಾಳದ ಬಸ್ಸಿನಲ್ಲಿ ನಾವಿಬ್ಬರೂ ಪ್ರಯಾಣಿಕರು. ಕಿಟಕಿಯಾಚೆ ಭತ್ತದ ಗದ್ದೆಗಳಲ್ಲಿ ನೀರು ಹೊಳೆಯುತ್ತಿತ್ತು. ಪರಶುರಾಮ ಸದ್ದನ್ನು ತಡೆಯಲೇ ಇಲ್ಲ, ಬಂದಂತೆ ಬಿಟ್ಟ. ಎದುರಿನ ಸೀಟಿನವರು ತಿರುಗಿ ನೋಡಿದರು, ಅವನು ಗಮನಿಸಲಿಲ್ಲ. "ಅಣ್ಣಾ," ಎಂದ, "ಇದಕ್ಕೊಂದ ಹೆಸರ ಐತಿ ಅಂದ್ರ, ನನ್ನಂಥಾವ್ರು ಇನ್ನೂ ಮಂದಿ ಅದಾರ ಅಂತಾಯ್ತಲ್ರೀ."

ಡಾಕ್ಟರು ಬರೆದುಕೊಟ್ಟ ಚೀಟಿ ನೋಡಿದ ಮ್ಯಾನೇಜರ್ ಅವನನ್ನು ಮತ್ತೆ ಅದೇ ಲೈನಿಗೆ ಹಾಕಿದರು. ನಿದ್ದೆಗೆಟ್ಟು ಎರಡೆರಡು ಡ್ಯೂಟಿ ಮಾಡುವುದನ್ನು ತಪ್ಪಿಸಿದರು. ಮಂದಿಗೆ ಹೇಗೆ ಹೇಳುವುದು ಎಂಬುದು ಮಾತ್ರ ಉಳಿಯಿತು. ಒಂದು ಬೋರ್ಡು ಬರೆಸಿ ಹಾಕೋಣ ಎಂದೆ. ಪರಶುರಾಮ ಒಪ್ಪಲಿಲ್ಲ. "ಬೋರ್ಡಿಗೆ ಬಾಯಿ ಇಲ್ರೀ. ನನಗೈತಿ," ಎಂದ.

ಮೊದಲ ಸಲ ಅವನು ಹೇಳಿದ ದಿನ ದಾಂಡೇಲಿಯಲ್ಲಿ ಗಾಡಿ ತುಂಬಿತ್ತು. ಮಂಗಲಾ ನಡುವಿನ ಸೀಟಿನಲ್ಲಿದ್ದರು. ನಾನು ಎಂಜಿನ್ ಚಾಲೂ ಮಾಡದೆ ಕಾದೆ. ಅವನು ಮುಂದೆ ಬಂದು, ಕಂಬ ಹಿಡಿದು ನಿಂತ. ಎರಡೂ ಕೈಯಿಂದ ಹಿಡಿದಿದ್ದ.

"ಎಲ್ಲಾರಿಗೂ ಒಂದ ಮಾತು ಹೇಳೂದೈತ್ರಿ. ನನಗ ಒಂದ ತ್ರಾಸ ಐತಿ. ಕುತ್ತಿಗಿ ಎಳೀತೈತಿ, ಕಣ್ಣ ಮುಚ್ಚತೈತಿ, ಬಾಯಿಂದ ಸಪ್ಪಳ ಬರ್ತೈತಿ. ನಾ ಬೇಕಂತ ಮಾಡೂದಲ್ರೀ. ಯಾರಿಗೂ ಕಣ್ಣ ಹೊಡ್ಯಾಂಗಿಲ್ಲ, ಯಾರನ್ನೂ ಅಣಕಸಾಂಗಿಲ್ಲ. ತಪ್ಪ ತಿಳ್ಕೋಬ್ಯಾಡ್ರಿ."

ಆಗ ಬಾನೆಟ್ಟಿನ ಪಕ್ಕದಿಂದ ಸಾವಿತ್ರಿಬಾಯಿ, "ಆಯ್ತಲ್ಲ ಬಾಬಾ. ಈಗ ಟಿಕೀಟು ಕೊಡು, ನನಗೆ ಕೂತ್ಕೊಳ್ಳಿಕ್ಕೆ ಜಾಗ ಮಾಡಿಸು," ಎಂದಳು. ಅಲ್ಲಿಗೆ ಕೆಲಸ ಶುರುವಾಯಿತು.

ಎಲ್ಲರೂ ಒಮ್ಮೆಲೇ ಒಳ್ಳೆಯವರಾಗಿಬಿಟ್ಟರು ಎಂದು ಹೇಳಲಾರೆ. ಕಾರ್ಖಾನೆಯ ಪಾಳಿ ಬಿಟ್ಟಾಗ ಹತ್ತುವ ಕೆಲವರು ಅವನ ಸದ್ದನ್ನು ಅಣಕಿಸುವುದು ಮುಂದುವರಿಯಿತು. ಸಂತೆಯ ದಿನ ಕುಡಿದು ಬಂದ ಒಬ್ಬ, ಇಂಥವನಿಗೆ ನೌಕರಿ ಯಾಕೆ ಎಂದು ಕೂಗಾಡಿದ. ಪರಶುರಾಮ ಅಂಥ ದಿನಗಳಲ್ಲಿ ಬಾಡಿ ಹೋಗುತ್ತಿದ್ದ, ಜೋಯಿಡಾದ ಮರದ ಕೆಳಗೆ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಆದರೂ ಮರುದಿನ ಬೆಳಿಗ್ಗೆ ಕಂಬ ಹಿಡಿದು ಅದೇ ಮಾತು ಹೇಳುವುದನ್ನು ಬಿಡಲಿಲ್ಲ. ಬರಬರುತ್ತ ದಿನದ ಮಂದಿಗೆ ಅದು ಬಾಯಿಪಾಠವಾಯಿತು. ಮಂಗಲಾ ಕೆಲವು ದಿನ ಅವನಿಂದ ದೂರವೇ ಕೂತರು, ಟಿಕೀಟು ತೆಗೆದುಕೊಂಡು ಕಿಟಕಿಯ ಕಡೆ ತಿರುಗುತ್ತಿದ್ದರು. ಅದಕ್ಕೆ ಅವರನ್ನು ಯಾರೂ ಏನೂ ಅನ್ನಲಿಲ್ಲ. ಒಂದು ದಿನ ಗಣೇಶಗುಡಿಯಲ್ಲಿ ಹತ್ತಿದ ಹೊಸ ಹೆಂಗಸೊಬ್ಬಳು ಅವನ ಕಣ್ಣು ಮುಚ್ಚಿದ್ದನ್ನು ಕಂಡು ಮುಖ ಗಂಟು ಹಾಕಿದಳು. ಮಂಗಲಾ ಸರಿದು ಆಕೆಗೆ ಪಕ್ಕದಲ್ಲಿ ಜಾಗ ಕೊಟ್ಟು, ದಾರಿಯುದ್ದಕ್ಕೂ ಮೆಲ್ಲಗೆ ತಿಳಿಸಿ ಹೇಳುತ್ತಿದ್ದುದನ್ನು ಕನ್ನಡಿಯಲ್ಲಿ ಕಂಡೆ.

ದಸರೆ ಮುಗಿದ ಮೇಲೆ ನನ್ನನ್ನು ಮುಂಡಗೋಡದ ಲೈನಿಗೆ ಬದಲಿಸಿದರು. ನನ್ನ ಜಾಗಕ್ಕೆ ಬಂದವರು, ಹಿಂದೆ ತಮ್ಮ ಗಾಡಿಗೆ ಪರಶುರಾಮನ ಜೋಡಿ ಬೇಡವೇ ಬೇಡ ಎಂದಿದ್ದ ಹಿರಿಯ ಡ್ರೈವರ್. ಹೊರಡುವ ಮುನ್ನ ಅವರಿಗೆ ಗಂಟೆಯ ರೀತಿ ಹೇಳೋಣವೆಂದು ಹೋದರೆ, ಪರಶುರಾಮ ಆಗಲೇ ಅವರನ್ನು ಗಾಡಿಯಲ್ಲಿ ಕೂರಿಸಿ, ಹಗ್ಗ ಎಳೆದು ತೋರಿಸುತ್ತಿದ್ದ. ತನ್ನ ತೊಂದರೆ, ಅದರ ಹೆಸರು, ಎಲ್ಲಿ ಗಾಡಿ ನಿಲ್ಲಿಸಿದರೆ ಅನುಕೂಲ, ಎಲ್ಲವನ್ನೂ ತಾನೇ ಹೇಳಿದ. ನನಗೆ ಹೇಳಲು ಏನೂ ಉಳಿದಿರಲಿಲ್ಲ. ವಯಸ್ಸಾದಂತೆ ಅವನ ಸದ್ದು ಕಡಿಮೆಯಾಯಿತೆಂದೂ, ಅವನು ಗಾಡಿಯ ಕೆಲಸ ಬಿಡಲೇ ಇಲ್ಲವೆಂದೂ ಬಹಳ ವರ್ಷಗಳ ಮೇಲೆ ಕೇಳಿದೆ.

ಆ ಲೈನಿನಲ್ಲಿ ಅವನನ್ನು ನಾನು ಕೊನೆಯ ಸಲ ನೋಡಿದ್ದು ಅದೇ ವರ್ಷದ ಚಳಿಗಾಲದ ಶುರುವಿನಲ್ಲಿ. ರಜೆಯಿತ್ತು, ಜೋಯಿಡಾದಿಂದ ಜೇನು ತರೋಣವೆಂದು ಹೊರಟಿದ್ದೆ. ದಾಂಡೇಲಿಯಲ್ಲಿ ಬೆಳಗಾವಿ ಕಡೆಯ ಕಾಲೇಜಿನ ಹುಡುಗರ ಗುಂಪೊಂದು ಗಣೇಶಗುಡಿಯ ಅಣೆಕಟ್ಟು ನೋಡಲೆಂದು ಹತ್ತಿ ಹಿಂದಿನ ಸೀಟು ಹಿಡಿಯಿತು. ಪರಶುರಾಮ ಕಂಬ ಹಿಡಿದು ತನ್ನ ಮಾತು ಹೇಳಿದ. ಈಗ ಅವನಿಗೆ ಒಂದೇ ಕೈ ಸಾಕಾಗಿತ್ತು. ಮಾತು ಮುಗಿಯುವುದಕ್ಕೂ ಸದ್ದು ಬರುವುದಕ್ಕೂ ಸರಿಹೋಯಿತು. ಹಿಂದಿನಿಂದ ಒಬ್ಬ ಹುಡುಗ ಅದನ್ನೇ ಅಣಕಿಸಿ ಜೋರಾಗಿ "ಹೋಲ್!" ಎಂದ.

ಅರ್ಧ ಗಾಡಿ ಸಿಟ್ಟಿನಿಂದ ಹಿಂದೆ ತಿರುಗಿತು. ಹಿರಿಯ ಡ್ರೈವರ್ ಸೀಟು ಬಿಟ್ಟು ಎದ್ದರು. ನಾನೂ ಎದ್ದೆ. ಪರಶುರಾಮ ಕೈಯೆತ್ತಿ ನಮ್ಮಿಬ್ಬರನ್ನೂ ಕೂರಿಸಿ, ಆ ಹುಡುಗನ ಹತ್ತಿರ ಹೋಗಿ ಟಿಕೀಟು ಹರಿದು ಕೈಗೆ ಕೊಟ್ಟ.

"ತಮ್ಮಾ, ಈಗ ದಣೀಬ್ಯಾಡ. ಗಣೇಶಗುಡಿ ಮುಟ್ಟೂದ್ರಾಗ ಇನ್ನೂ ಭಾಳ ಸಲ ಬರ್ತೈತಿ. ಅದಕ್ಕ ಬ್ಯಾರೆ ಟಿಕೀಟ ಇಲ್ಲ, ಫುಕಟ."

ಮೊದಲು ನಕ್ಕವರು ಆ ಹುಡುಗನ ಗೆಳೆಯರು, ಆಮೇಲೆ ಬಾನೆಟ್ಟಿನ ಸುತ್ತ ಕೂತಿದ್ದ ಹೆಂಗಸರು, ಆಮೇಲೆ ಆ ಹುಡುಗನೇ ನಾಚಿಕೊಂಡು ನಕ್ಕ. ಪರಶುರಾಮನೂ ನಕ್ಕ. ಒಂದು ಇಡೀ ಮಳೆಗಾಲ ಅವನ ಜೊತೆ ಗಾಡಿ ಓಡಿಸಿದ್ದೆ, ಅವನು ಹಾಗೆ ಬಾಯಿ ತೆರೆದು ನಗುವುದನ್ನು ನೋಡಿದ್ದು ಆವತ್ತೇ.